ಯುಗಾದಿ ಪಂದ್ಯದ ಹ್ಯಾಂಡಿಕ್ಯಾಪ್: ನನ್ನ ಹಾಳೆ ತಾಳೆಯಾದ ಕಥೆ

ಈ ಸಲದ ಯುಗಾದಿ ಗಾಲ್ಫ್ ಪಂದ್ಯಕ್ಕೆ ಹದಿನಾರು ಮಂದಿ ಸೇರಿದ್ದೆವು. ಅವರಲ್ಲಿ ಹನ್ನೆರಡು ಜನರಿಗೆ ಅಧಿಕೃತ ಇಂಡೆಕ್ಸ್, ಅಂದರೆ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸಂಖ್ಯೆ, ಇತ್ತು. ಅದು ದೊಡ್ಡದಾದಷ್ಟೂ ಸ್ಕೋರಿನಿಂದ ಕಳೆಯಲು ಹೆಚ್ಚು ಹೊಡೆತ ಸಿಗುತ್ತದೆ. ಹಿಂದಿನ ರಾತ್ರಿ ಅದನ್ನೂ ನನ್ನ ಎಕ್ಸೆಲ್ ಹಾಳೆಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹತ್ತು ಜನರದು ದಶಮಾಂಶದವರೆಗೂ ಸರಿಯಾಗಿ ಕೂತವು, ಇಬ್ಬರದು ಮಾತ್ರ 0.1 ಅತ್ತಿತ್ತ. ‘ರಾಯರೇ, ಆ್ಯಪ್ ಇದೆಯಲ್ಲ, ನಿಮಗೇಕೆ ಈ ಉಸಾಬರಿ’ ಎಂದು ನಾಲ್ಕು ವರ್ಷ ಕೇಳಿದವರಿಗೆ ನಾನು ಅಂದೇ ಉತ್ತರ ಕೊಡಬಲ್ಲವನಾದದ್ದು.

ಆ್ಯಪ್ ಇದ್ದರೂ ಹಾಳೆ ಏಕೆ ಬೇಕಾಯಿತೆಂದರೆ, ನಮ್ಮ ಕ್ಯಾಲಿಫೋರ್ನಿಯಾದ ಕನ್ನಡ ಗುಂಪಿನಲ್ಲಿ ನಾಲ್ಕೈದು ಜನ ಯಾವ ಕ್ಲಬ್ಬಿಗೂ ಸೇರಿಲ್ಲ. ಕೆಲವರು ನೀಲಿ ಟೀಯಿಂದ, ಕೆಲವರು ಬಿಳಿ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಆಡುತ್ತಾರೆ. ತಲೆಗೆ ಇಪ್ಪತ್ತು ಡಾಲರಿನಂತೆ ಸೇರುವ ಬಹುಮಾನದ ಹಣ ಮುನ್ನೂರಿಪ್ಪತ್ತು ಡಾಲರ್. ಹಣ ಸಣ್ಣದು, ಅದರ ಮೇಲೆ ಏಳುವ ಅನುಮಾನ ದೊಡ್ಡದು. ಒಬ್ಬ ಗೆಳೆಯನ ಇಂಡೆಕ್ಸ್ ಪಂದ್ಯಕ್ಕೆ ಮುಂಚೆ ಏರಿದರೆ ಸಾಕು, ಬೇಕೆಂದೇ ಉಬ್ಬಿಸಿದ್ದಾನೆ ಎಂಬ ಪಿಸುಮಾತು ಶುರು. ಎಲ್ಲರ ಕಣ್ಣೆದುರು ಬಿಡಿಸಿ ತೋರಿಸಬಹುದಾದ ಲೆಕ್ಕವೊಂದು ನನಗೆ ಬೇಕಿತ್ತು.

2020ರ ಜನವರಿಯಲ್ಲಿ ಇಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಬಂದಾಗ ನನಗೆ ಹಳೆಯದು ಬಾಯಿಪಾಠವಾಗಿತ್ತು: ಕಡೆಯ ಇಪ್ಪತ್ತು ಡಿಫರೆನ್ಷಿಯಲ್‌ಗಳಲ್ಲಿ (ಒಂದು ಆಟದ ಸ್ಕೋರನ್ನು ಮೈದಾನದ ಕಷ್ಟಕ್ಕೆ ಹೊಂದಿಸಿದ ಸಂಖ್ಯೆ) ಒಳ್ಳೆಯ ಹತ್ತು, ಸರಾಸರಿಯ 0.96. ಹೊಸದರಲ್ಲಿ ಒಳ್ಳೆಯ ಎಂಟು, 0.96 ಇಲ್ಲ. ಇಷ್ಟೇ ವ್ಯತ್ಯಾಸವೆಂದುಕೊಂಡು ಹಳೆಯ ಹಾಳೆಯಲ್ಲೇ ಎರಡು ಸೂತ್ರ ಬದಲಿಸಿ ಬಿಟ್ಟೆ. ಕೆಟ್ಟದ್ದು ಅಲ್ಲೇ.

ಮೊದಲ ಏಟು 2021ರ ಪಂದ್ಯದಲ್ಲಿ ಬಿತ್ತು. ನಾವು ಆಡುವ ಮುನಿಸಿಪಲ್ ಮೈದಾನದ ನೀಲಿ ಟೀಗೆ ರೇಟಿಂಗ್ (ನುರಿತವನಿಂದ ನಿರೀಕ್ಷಿಸುವ ಸ್ಕೋರ್) 71.2, ಸ್ಲೋಪ್ (ಸಾಧಾರಣ ಆಟಗಾರನಿಗೆ ಅದು ಎಷ್ಟು ಹೆಚ್ಚು ಕಷ್ಟ ಎಂಬ ಅಳತೆ, ಪ್ರಮಾಣ 113) 128ರ ಆಸುಪಾಸು. ಬಿಳಿ ಟೀಗೆ 69.1, 121. ಪಾರ್, ಅಂದರೆ ನಿಗದಿತ ಹೊಡೆತ, ಎರಡಕ್ಕೂ 72. ಇಂಡೆಕ್ಸ್ 18.4 ಇರುವವನನ್ನು ತೆಗೆದುಕೊಳ್ಳಿ. ನೀಲಿಯಲ್ಲಿ 18.4ನ್ನು 128ರಿಂದ ಗುಣಿಸಿ 113ರಿಂದ ಭಾಗಿಸಿದರೆ 20.84. ಅದಕ್ಕೆ ರೇಟಿಂಗಿನಿಂದ ಪಾರ್ ಕಳೆದ −0.8 ಸೇರಿಸಿದರೆ 20. ಇದೇ ಕೋರ್ಸ್ ಹ್ಯಾಂಡಿಕ್ಯಾಪ್, ಆ ಟೀಯಲ್ಲಿ ಅವನಿಗೆ ಸಿಗುವ ಹೊಡೆತ. ಬಿಳಿಯಲ್ಲಿ ಇದೇ ರೀತಿ 19.7ರಿಂದ 2.9 ಹೋಗಿ 17. ಟೀಗಳ ನಡುವಿನ ಅಂತರವನ್ನು ಸೂತ್ರವೇ ಹೊತ್ತುಕೊಂಡಿದೆ. ಹಳೆಯ ಪದ್ಧತಿಯಲ್ಲಿ ಹಾಗಿರಲಿಲ್ಲ, ಬೇರೆ ಬೇರೆ ಟೀಯವರು ಎದುರಾದಾಗ ರೇಟಿಂಗಿನ ವ್ಯತ್ಯಾಸವನ್ನು ನಾವೇ ಪ್ರತ್ಯೇಕವಾಗಿ ಕೊಡಬೇಕಿತ್ತು. ಕೈಗೆ ಅಭ್ಯಾಸವಾಗಿದ್ದ ಆ ವ್ಯತ್ಯಾಸವನ್ನು, ಇಲ್ಲಿ ಸುಮಾರು ಎರಡು ಹೊಡೆತವನ್ನು, ನಾನು ಹೊಸ ಲೆಕ್ಕದ ಮೇಲೂ ಪೇರಿಸಿದೆ. ನೀಲಿಯಲ್ಲಿ ಆಡಿದವರಿಗೆಲ್ಲ ಇಪ್ಪತ್ತರ ಬದಲು ಇಪ್ಪತ್ತೆರಡು! ಮೊದಲ ಮೂರು ಸ್ಥಾನವೂ ಅವರಿಗೇ ಹೋಯಿತು. ಬಿಳಿ ಟೀಯವರಲ್ಲಿ ಒಬ್ಬರು ಎರಡು ವಾರದ ಮೇಲೆ ಫೋನ್ ಮಾಡಿ ಕೇಳಿದಾಗಲೇ ನನಗೆ ಹೊಳೆದದ್ದು. ನಲವತ್ತು ಡಾಲರ್ ನನ್ನ ಜೇಬಿನಿಂದ ಕೊಟ್ಟೆ.

ಮರುವರ್ಷ ಬೇರೆ ತಪ್ಪು. ಗುಂಪಿನ ಒಬ್ಬ ಹುಡುಗ, ಇಂಡೆಕ್ಸ್ ಹತ್ತೊಂಬತ್ತರ ಹತ್ತಿರ, ಪಂದ್ಯಕ್ಕೆ ಒಂದು ತಿಂಗಳಿರುವಾಗ ದೇವರು ಮೈಮೇಲೆ ಬಂದಂತೆ ಆಡಿ 11ರ ಡಿಫರೆನ್ಷಿಯಲ್ ತಂದ. ಇಂಡೆಕ್ಸಿಗಿಂತ 7.0ರಿಂದ 9.9ರಷ್ಟು ಕೆಳಗೆ ಬಂದರೆ 1.0 ಕಡಿತ, 10.0 ಅಥವಾ ಅದಕ್ಕೂ ಹೆಚ್ಚಾದರೆ 2.0. ಇದು ನನಗೆ ಗೊತ್ತಿತ್ತು. ಆ 1.0ನ್ನು ಎಲ್ಲಿ ಕಳೆಯಬೇಕೆಂಬುದರಲ್ಲಿ ಎಡವಿದೆ. ಆ ಒಂದು ಡಿಫರೆನ್ಷಿಯಲ್‌ನಲ್ಲಿ ಮಾತ್ರ ಕಳೆದೆ. ಎಂಟರ ಸರಾಸರಿಯಲ್ಲಿ ಅದು ಸುಮಾರು 0.1 ಆಗಿ ಕರಗಿಹೋಯಿತು. ಕಳೆಯಬೇಕಾದದ್ದು ಕಡೆಯ ಇಪ್ಪತ್ತರಲ್ಲಿ ಪ್ರತಿಯೊಂದರಿಂದಲೂ, ಆಗ ಇಂಡೆಕ್ಸ್ ಪೂರ್ತಿ 1.0 ಇಳಿಯುತ್ತದೆ. ಹುಡುಗ ಹೆಚ್ಚುವರಿಯಾಗಿ ಸಿಕ್ಕ ಒಂದೇ ಹೊಡೆತದಿಂದ ಗೆದ್ದ. ಹಣ ವಾಪಸು ಕೇಳಲು ನನಗೆ ಮನಸ್ಸಾಗಲಿಲ್ಲ, ಎರಡನೆಯವರಿಗೆ ಅರವತ್ತು ಡಾಲರ್ ನಾನೇ ಕೊಟ್ಟೆ. ಆ ವರ್ಷವೇ ಮೂವತ್ತು ಡಾಲರ್ ತೆತ್ತು ಒಂದು ಬಾಡಿಗೆ ತಂತ್ರಾಂಶವನ್ನೂ ನೋಡಿದ್ದೆ. ಲೆಕ್ಕ ಬಂತು, ಬಂದ ದಾರಿಯನ್ನು ಅದು ತೋರಿಸಲಿಲ್ಲ. ನನಗೆ ಬೇಕಿದ್ದದ್ದು ದಾರಿ.

ಪೂರ್ಣಾಂಕ ಮಾಡುವ ವಿಷಯದಲ್ಲಿ ಇಡೀ ಚಳಿಗಾಲ ಹೋಯಿತು. ಸ್ಟ್ರೋಕ್ ಪ್ಲೇಗೆ (ಒಟ್ಟು ಹೊಡೆತ ಎಣಿಸುವ ಪಂದ್ಯಕ್ಕೆ) ನಾವು ಕೋರ್ಸ್ ಹ್ಯಾಂಡಿಕ್ಯಾಪಿನ 95 ಶೇಕಡಾ ಕೊಡುತ್ತೇವೆ. ಕೋರ್ಸ್ ಹ್ಯಾಂಡಿಕ್ಯಾಪ್ 20.5 ಬಂತೆನ್ನಿ. ಮೊದಲೇ 21 ಮಾಡಿ 95 ಶೇಕಡಾ ಹಾಕಿದರೆ 19.95, ಅಂದರೆ 20. ದಶಮಾಂಶವನ್ನು ಹಾಗೇ ಒಯ್ದರೆ 19.475, ಅಂದರೆ 19. ಒಂದು ಹೊಡೆತದ ವ್ಯತ್ಯಾಸ! ಕಡೆಯವರೆಗೂ ದಶಮಾಂಶ ಒಯ್ಯುವುದು, ಕೊನೆಯಲ್ಲಿ ಒಂದೇ ಸಲ ಪೂರ್ಣಾಂಕ ಮಾಡುವುದು. ಇದನ್ನು ಹಾಳೆಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಜನ ನಂಬದೇ ಇದ್ದದ್ದು ಹೋಲ್‌ವಾರು ಲೆಕ್ಕವನ್ನು. ‘ಒಟ್ಟು ಸ್ಕೋರ್ ಕೊಟ್ಟಿದ್ದೇವಲ್ಲ, ಸಾಲದೇ?’ ಎನ್ನುತ್ತಿದ್ದರು. ಸಾಲದು. ನನ್ನದೇ ಒಂದು ಕಾರ್ಡ್ ಹೇಳುತ್ತೇನೆ. ಒಟ್ಟು 97, ಕೋರ್ಸ್ ಹ್ಯಾಂಡಿಕ್ಯಾಪ್ 20. ಪಾರ್ ಐದರ ಹೋಲಿನಲ್ಲಿ, ಎಡಕ್ಕೆ ಕೆರೆ, ಮೂರು ಚೆಂಡು ನೀರಿಗೆ ಹೋದವು. ಮೂರನೆಯದು ದಡದ ಕಲ್ಲಿಗೆ ಬಡಿದು ‘ಟಕ್’ ಎಂದು ಮೇಲೆದ್ದು, ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಹಿಂದಕ್ಕೆ ಉರುಳಿ ಮುಳುಗಿತು. ಅಲ್ಲಿ ಬರೆದದ್ದು 11. ಅದು ಕಷ್ಟದಲ್ಲಿ ಏಳನೆಯ ಹೋಲ್, ಒಂದು ಹೊಡೆತ ಸಿಗುತ್ತದೆ. ಹಾಗಾಗಿ ನೆಟ್ ಡಬಲ್ ಬೋಗಿ, ಅಂದರೆ ಇಂಡೆಕ್ಸ್ ಲೆಕ್ಕಕ್ಕೆ ಒಂದು ಹೋಲಿನಲ್ಲಿ ಹಿಡಿಯುವ ಗರಿಷ್ಠ, ಪಾರ್ ಐದು, ಮೇಲೆ ಎರಡು, ಸಿಗುವ ಹೊಡೆತ ಒಂದು ಸೇರಿ 8. ಮೂರು ಬಿದ್ದುಹೋಗಿ 94 ಉಳಿಯಿತು. 94ರಿಂದ 71.2 ಕಳೆದು 113ರಿಂದ ಗುಣಿಸಿ 128ರಿಂದ ಭಾಗಿಸಿದರೆ 20.1. ಅದೇ 97ನ್ನು ಹಾಗೇ ಹಾಕಿದ್ದರೆ 22.8 ಆಗುತ್ತಿತ್ತು. ಹಳೆಯ ಕಾಲದಲ್ಲಿ 20ರವನಿಗೆ ಯಾವ ಹೋಲಿನಲ್ಲೂ ಎಂಟರವರೆಗೆ ಅವಕಾಶ, ಪಾರ್ ಮೂರರಲ್ಲೂ ಎಂಟು! ಈಗ ಅಲ್ಲಿ ಒಂದು ಹೊಡೆತ ಸಿಗುವವನಿಗೆ ಆರಕ್ಕೇ ನಿಲ್ಲುತ್ತದೆ. ಹೊಸ ಪದ್ಧತಿಯಲ್ಲಿ ನನಗೆ ಅತ್ಯಂತ ನ್ಯಾಯವೆನಿಸಿದ್ದು ಇದೇ.

ಕಾರ್ಡುಗಳನ್ನು ಹೋಲ್‌ವಾರು ಹಾಕಲು ಶುರುಮಾಡಿದ ಮೇಲೆ ಹಾಳೆ ಅಧಿಕೃತ ಸಂಖ್ಯೆಯ ಹತ್ತಿರಕ್ಕೆ ಬಂತು. ಉಳಿದ ಅಂತರವನ್ನು ಮುಚ್ಚಿದ್ದು ಕಾರ್ಡುಗಳನ್ನು ನಾನು ಜೋಡಿಸುವ ಕ್ರಮ ಮತ್ತು ಪಕ್ಕದ ಒಂದು ಕಾಲಂ. ಅದರಿಂದ ಇಪ್ಪತ್ತರ ಪಟ್ಟಿಯಿಂದ ಮುಂದೆ ಯಾವುದು ಜಾರುತ್ತದೆ, ಜಾರಿದಾಗ ಇಂಡೆಕ್ಸ್ ಎಷ್ಟಾಗುತ್ತದೆ ಎಂಬುದು ಮೂರು ಆಟ ಮೊದಲೇ ಕಾಣುತ್ತದೆ. ಆ ಕಾಲಂ ಹೇಗೆ ಕಟ್ಟಿದೆ ಎಂಬುದನ್ನು ನಾನು ಹೇಳುವುದಿಲ್ಲ. ಬಹಳ ರಾತ್ರಿ ಕೂತು ಮಾಡಿದ್ದು.

ನಡುವೆ ಹಳೆಯದನ್ನೂ ಹೊಸದನ್ನೂ ನಮ್ಮ ಕಾರ್ಡುಗಳ ಮೇಲೆ ಓಡಿಸಿ ನೋಡಿದೆ. ಸದಾ ಒಂದೇ ಹದದಲ್ಲಿ ಆಡುವ ಗೆಳೆಯನ ಇಂಡೆಕ್ಸ್ ಸುಮಾರು 0.5 ಏರಿತು, ಏಕೆಂದರೆ ಅವನಿಗೆ ಹತ್ತಾದರೂ ಎಂಟಾದರೂ ಒಂದೇ, 0.96 ಹೋದದ್ದೇ ಲಾಭ. ಒಂದು ದಿನ 84, ಮರುದಿನ 103 ಹೊಡೆಯುವವನಿಗೆ 0.4ರಷ್ಟು ಇಳಿಯಿತು. ಗಾಳಿಯ ಲೆಕ್ಕವನ್ನೂ ಹಿಡಿಯಲು ಹೋದೆ. ಆ ದಿನದ ಪರಿಸ್ಥಿತಿಗೆ −1ರಿಂದ +3ರವರೆಗೆ ಬರುವ ಹೊಂದಾಣಿಕೆಯನ್ನು ಮೊದಲೇ ಊಹಿಸಬೇಕೆಂದು ಏಳೆಂಟು ತಿಂಗಳು ಗಾಳಿ, ಮಳೆ, ನಮ್ಮವರ ಸ್ಕೋರು ಬರೆದಿಟ್ಟೆ. ನಮ್ಮವರೆಲ್ಲ ಮೂರು ನಾಲ್ಕು ಹೊಡೆತ ಹೆಚ್ಚು ತಿಂದ ದಿನವೂ ಹೆಚ್ಚಾಗಿ ಸೊನ್ನೆಯೇ ಬಂತು. ಅದು ಮೈದಾನದಲ್ಲಿ ಅಂದು ಆಡಿದ ಎಲ್ಲರ ಕಾರ್ಡಿನಿಂದ ಹುಟ್ಟುವ ಸಂಖ್ಯೆ, ನಮ್ಮ ಎಂಟು ಜನರ ಬೆವರಿನಿಂದಲ್ಲ. ಬಿಟ್ಟುಬಿಟ್ಟೆ. ತಾಳೆಯಾಗದ ಆ ಎರಡು 0.1ಗಳು ಅಲ್ಲಿಂದಲೇ ಬಂದವು.

ಇಂಡೆಕ್ಸ್ ಉಬ್ಬಿಸಿದ ಆರೋಪವನ್ನು ಸಾಫ್ಟ್ ಕ್ಯಾಪ್ (ಇಂಡೆಕ್ಸ್ ಏರುವುದಕ್ಕೆ ಹಾಕಿದ ಕಡಿವಾಣ) ತೋರಿಸಿ ಮುಗಿಸಿದೆ. ಆ ಗೆಳೆಯನ ಹಿಂದಿನ ಒಂದು ವರ್ಷದ ಕನಿಷ್ಠ 14.2. ಭುಜದ ನೋವಿನಲ್ಲಿ ಆಡಿ ಲೆಕ್ಕ 20.0ಕ್ಕೆ ಹೋಗಿತ್ತು. ಮೂರರವರೆಗೆ ಪೂರ್ತಿ, ಅದರಾಚೆಯ 2.8ರಲ್ಲಿ ಅರ್ಧ. ಒಟ್ಟು 18.6. ಎಷ್ಟೇ ಕೆಟ್ಟದಾಗಿ ಆಡಿದ್ದರೂ 19.2 ದಾಟಲು ಬಿಡುತ್ತಿರಲಿಲ್ಲ. ಇದನ್ನು ಊಟದ ಮೇಜಿನ ಮೇಲೆ, ಹೋಳಿಗೆಯ ತಟ್ಟೆ ಸರಿಸಿ, ಕಾಗದದಲ್ಲಿ ಬಿಡಿಸಿದೆ. ಆರೋಪ ಮಾಡಿದವರೇ ಪೆನ್ನು ತೆಗೆದುಕೊಂಡು ಇನ್ನೊಮ್ಮೆ ಮಾಡಿ ನೋಡಿ, ಅವನ ಕೈ ಕುಲುಕಿದರು.

ಕ್ಲಬ್ಬಿಲ್ಲದ ನಾಲ್ವರಿಗೆ ಮೂರು ಮೂರು ಕಾರ್ಡ್ ತರಿಸಿಕೊಂಡೆ. ಮೂರರಲ್ಲಿ ಅತಿ ಕಡಿಮೆಯದರಿಂದ 2.0 ಕಳೆಯುವುದು. 27.4, 31.0, 25.9 ತಂದವರಿಗೆ 23.9. ಅನ್ಯಾಯವೆಂದು ಕೂಗಿದರು. ಅವರೇ ಪಂದ್ಯದಲ್ಲಿ ಐದನೆಯವರಾದರು. ಮೈಸೂರಿನಿಂದ ಬಂದ ನನ್ನ ಭಾವಮೈದುನನ ವಿಷಯದಲ್ಲಿ ಮಾತ್ರ ಚರ್ಚೆಯೇ ಆಗಲಿಲ್ಲ. ರೇಸ್ ಕೋರ್ಸಿನ ಒಳಗಿನ ಮೈದಾನದಲ್ಲಿ ಆಡಿ ಸಂಪಾದಿಸಿದ 13.6ನ್ನು ಜೇಬಿನಲ್ಲಿ ತಂದಿದ್ದ. 128ರಿಂದ ಗುಣಿಸಿ 113ರಿಂದ ಭಾಗಿಸಿ 0.8 ಕಳೆದೆ, ಇಲ್ಲಿಗೆ 15. ಹಿಂದೆ ಅವನು ಬಂದಾಗ ‘ಅಲ್ಲಿಯ ಹದಿಮೂರು ಇಲ್ಲಿ ಎಷ್ಟು’ ಎಂದು ಅರ್ಧ ದಿನ ಜಗಳವಾಡಿದ್ದೆವು.

ಈಗ ಕೈಗೆತ್ತಿಕೊಂಡಿರುವುದು ಒಂಬತ್ತು ಹೋಲಿನ ಸಂಜೆಯಾಟ. 2024ರಿಂದ ಒಂಬತ್ತು ಹೋಲ್ ಆಡಿದರೂ ಉಳಿದ ಒಂಬತ್ತಕ್ಕೆ ನಿರೀಕ್ಷಿತ ಅಂಕ ಸೇರಿ ಅಂದೇ ಡಿಫರೆನ್ಷಿಯಲ್ ಬರುತ್ತದೆ, ಇನ್ನೊಂದು ಒಂಬತ್ತಕ್ಕೆ ಕಾಯಬೇಕಿಲ್ಲ. ಆ ನಿರೀಕ್ಷಿತ ಅಂಕಕ್ಕೆ ನನ್ನದೇ ಒಂದು ಅಂದಾಜಿದೆ. ಈವರೆಗೆ ಹದಿನಾಲ್ಕೋ ಹದಿನೈದೋ ಕಾರ್ಡಿನ ಮೇಲೆ ನೋಡಿದ್ದೇನೆ, 0.2ಕ್ಕಿಂತ ಹೆಚ್ಚು ತಪ್ಪಿಲ್ಲ. ದಸರಾ ಪಂದ್ಯದ ಹೊತ್ತಿಗೆ ನಲವತ್ತು ಕಾರ್ಡ್ ಆಗುತ್ತದೆ.