ಗಂಜ್‌ನ ಆಫೀಸಿನಲ್ಲಿ ಡೆಸ್ಕ್‌ಟಾಪ್‌ಗೂ ಸರ್ವರ್‌ಗೂ ಒಂದೇ ಕರ್ನಲ್

ಕಲಬುರಗಿಯ ನೆಹರು ಗಂಜ್‌ನಲ್ಲಿರುವ ಒಂದು ದಾಲ್ ಮಿಲ್ಲಿನ ಆಫೀಸಿಗೆ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮುನೀಮರ ಟೇಬಲ್‌ಗಳ ಮೇಲೆ ಡೆಸ್ಕ್‌ಟಾಪ್‌ಗಳಿವೆ, ಒಳಗಿನ ಕೋಣೆಯಲ್ಲಿ ಒಂದು ಸರ್ವರ್ ಇದೆ. ಫೈಲ್ ಹಂಚಿಕೊಳ್ಳಲು ಸಾಂಬಾ, ಲೆಕ್ಕಕ್ಕೆ ಪೋಸ್ಟ್‌ಗ್ರೆಸ್, ರಾತ್ರಿಯ ಬ್ಯಾಕಪ್, ಎಲ್ಲ ಅದರ ಮೇಲೆಯೇ. ಒಂದು ವಿಂಡೋಸ್ ಮಶೀನ್ ಬಿಟ್ಟು ಎಲ್ಲದರಲ್ಲೂ ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಹಾಕಿದ್ದೇನೆ. ಆದರೂ ಮೊದಲು ಕರ್ನಲ್, ಅಂದರೆ ಹಾರ್ಡ್‌ವೇರ್‌ಗೂ ಪ್ರೋಗ್ರಾಮ್‌ಗಳಿಗೂ ನಡುವೆ ನಿಂತು ಮಶೀನ್ ನಡೆಸುವ ಮೂಲ ಭಾಗ, ಬೇರೆ ಬೇರೆ ಇತ್ತು. ಸರ್ವರ್ 6.8ರಲ್ಲಿ ನಿಂತಿತ್ತು, ಡೆಸ್ಕ್‌ಟಾಪ್‌ಗಳು 6.11ಕ್ಕೆ ಹೋಗಿದ್ದವು.

ಇದು ಉಬುಂಟುವಿನ ಪದ್ಧತಿ. ಡೆಸ್ಕ್‌ಟಾಪ್ ಹಾಕಿದರೆ ಎಚ್‌ಡಬ್ಲ್ಯೂಇ ಎನ್ನುವ ಸಾಲಿನ ಕರ್ನಲ್ ಸಿಗುತ್ತದೆ. ಹೊಸ ಹಾರ್ಡ್‌ವೇರ್‌ಗೆ ಬೆಂಬಲ ಸಿಗಲಿ ಅಂತ ಅದು ಆಗಾಗ ಮುಂದಿನ ಆವೃತ್ತಿಗೆ ಏರುತ್ತದೆ. ಸರ್ವರ್ ಹಾಕಿದರೆ ಬಿಡುಗಡೆಯ ದಿನ ಇದ್ದ ಕರ್ನಲ್ಲೇ ಉಳಿಯುತ್ತದೆ, ಅದಕ್ಕೆ ದುರಸ್ತಿಗಳು ಮಾತ್ರ ಬರುತ್ತಿರುತ್ತವೆ. ಎರಡೂ ಸರಿಯೇ. ಆದರೆ ಶೇರ್ ಫೋಲ್ಡರ್ ಯಾವಾಗಲಾದರೂ ಸಿಕ್ಕಿಕೊಂಡರೆ ತಪ್ಪು ಈ ಕಡೆಯ ಕರ್ನಲ್‌ನದೋ ಆ ಕಡೆಯದೋ ಅಂತ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಒಬ್ಬನೇ ನೋಡಿಕೊಳ್ಳುವ ಆಫೀಸಿಗೆ ಇದು ಸುಮ್ನೆ ಡಬಲ್ ಕೆಲಸ ಅನ್ನಿಸಿತು.

ಸಾವ್ಕಾರ್ರಿಗೆ ಹೇಳಿದಾಗ ಅವರ ಮೊದಲ ಪ್ರಶ್ನೆ: "ಏನ್ರಿ, ಸರ್ವರ್‌ಗೆ ಅಂತ ಬೇರೆ ಲಿನಕ್ಸ್ ಇರ್ತದಲ್ಲ?" ಒಂದು ಕಾಲಕ್ಕೆ ಇತ್ತು. ಉಬುಂಟು 12.04ಕ್ಕೂ ಮೊದಲು ಸರ್ವರ್ ಅಂತಲೇ ಬೇರೆ ಕರ್ನಲ್ ಪ್ಯಾಕೇಜ್ ಬರುತ್ತಿತ್ತು. ಡೆಸ್ಕ್‌ಟಾಪ್‌ನಲ್ಲಿ ಟೈಮರ್ ಸೆಕೆಂಡಿಗೆ 250 ಸಲ ಬಡಿದರೆ ಸರ್ವರ್‌ನಲ್ಲಿ 100 ಸಲ. ಡಿಸ್ಕ್‌ನ ಕೆಲಸಗಳನ್ನು ಸರದಿಯಲ್ಲಿ ಇಡುವ ಪದ್ಧತಿ ಡೆಸ್ಕ್‌ಟಾಪ್‌ನಲ್ಲಿ ಸಿಎಫ್‌ಕ್ಯೂ, ಸರ್ವರ್‌ನಲ್ಲಿ ಡೆಡ್‌ಲೈನ್. ಕರ್ನಲ್ ತನ್ನ ಕೆಲಸ ಅರ್ಧಕ್ಕೆ ಬಿಟ್ಟು ಬೇರೆಯದಕ್ಕೆ ತಿರುಗುವ ಪ್ರಿಎಂಪ್ಷನ್ ಸರ್ವರ್‌ನಲ್ಲಿ ಬಂದ್. 12.04ರಲ್ಲಿ ಆ ಪ್ಯಾಕೇಜನ್ನು ಜೆನೆರಿಕ್ ಕರ್ನಲ್‌ನಲ್ಲೇ ಸೇರಿಸಿಬಿಟ್ಟರು. ಅವರಿಗೆ ಇಷ್ಟೆಲ್ಲ ಹೇಳಿದೆ. ಕೇಳಿಸಿಕೊಂಡು ಅವರೇ ಅಂದರು: "ಅಂದ್ರ ಮಿಲ್ ಅದೇ, ಜರಡಿ ಬದಲಿ ಮಾಡಿದ್ರಾತು." ನನಗೂ ಅದೇ ಹೇಳಬೇಕಿತ್ತು.

ಡೆಸ್ಕ್‌ಟಾಪ್‌ಗಳನ್ನೂ ಸರ್ವರ್‌ನ 6.8ಕ್ಕೇ ತರುವುದು ಅಂತ ತೀರ್ಮಾನಿಸಿದೆ. ಮೊದಲು ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿ 6.8 ತರುವ ಲಿನಕ್ಸ್-ಜೆನೆರಿಕ್ ಪ್ಯಾಕೇಜ್ ಹಾಕಿದೆ. ಅಷ್ಟಕ್ಕೇ ಬಿಟ್ಟರೆ ಉಪಯೋಗವಿಲ್ಲ. ಇರುವ ಕರ್ನಲ್‌ಗಳಲ್ಲಿ ಯಾವುದರ ಸಂಖ್ಯೆ ದೊಡ್ಡದೋ, ಮಶೀನ್ ಏಳುವಾಗ ಕರ್ನಲ್ ಆರಿಸುವ ಗ್ರಬ್ ಎಂಬ ಪ್ರೋಗ್ರಾಮ್ ಅದನ್ನೇ ಎತ್ತುತ್ತದೆ, ಹಾಗಾಗಿ ಮಶೀನ್ ಮತ್ತೆ 6.11ರಲ್ಲೇ ಏಳುತ್ತದೆ. ರೀಬೂಟ್ ಮಾಡಿ, ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ 6.8 ಆರಿಸಿ ಒಳಗೆ ಹೋಗಬೇಕು. ನೆಟ್‌ವರ್ಕ್, ಪ್ರಿಂಟರ್, ಸೌಂಡ್ ನಡೆಯುತ್ತಿವೆಯಾ ನೋಡಬೇಕು. ಆಮೇಲೆ ಎಚ್‌ಡಬ್ಲ್ಯೂಇ ಪ್ಯಾಕೇಜ್ ಮತ್ತು 6.11ರ ಇಮೇಜ್‌ಗಳನ್ನು ತೆಗೆಯಬೇಕು. ಈ ಕ್ರಮ ತಪ್ಪಿಸಬೇಡಿ. ಓಡುತ್ತಿರುವ ಕರ್ನಲ್ಲನ್ನೇ ತೆಗೆಯುವುದು ಒಳ್ಳೆಯದಲ್ಲ.

ಕೊನೆಗೆ ಒಂದು ಡೆಸ್ಕ್‌ಟಾಪ್‌ನಲ್ಲೂ ಸರ್ವರ್‌ನಲ್ಲೂ ಬೂಟ್ ಫೋಲ್ಡರಿನ ವಿಎಂಲಿನಜ್ ಎಂಬ ಕರ್ನಲ್ ಫೈಲ್‌ಗೆ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಕ್ಕಪಕ್ಕ ಇಟ್ಟೆ. ಆ ಫೈಲ್ ಓದಲು ಸುಡೋ, ಅಂದರೆ ಅಡ್ಮಿನ್ ಅಧಿಕಾರ, ಬೇಕು. ಒಂದಕ್ಷರವೂ ಬೇರೆ ಇರಲಿಲ್ಲ. ಮುನೀಮರು ಬಿಲ್ ಬಡಿಯುವ ಮಶೀನಿಗೂ ಡೇಟಾಬೇಸ್ ಹೊತ್ತ ಮಶೀನಿಗೂ ಅಕ್ಷರಶಃ ಅದೇ ಕರ್ನಲ್. ನೋಡಿ ಖುಷಿಯಾಯಿತು.

ಇನ್ನು ಜರಡಿ, ಅಂದರೆ ಕರ್ನಲ್ ಅದೇ ಇಟ್ಟು ಬದಲಿಸುವ ಸೆಟ್ಟಿಂಗ್‌ಗಳು. ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಪ್ರಿಎಂಪ್ಷನ್. ಕರ್ನಲ್ ತನ್ನದೇ ಯಾವುದೋ ಉದ್ದದ ಕೆಲಸದಲ್ಲಿ ಮುಳುಗಿರುವಾಗ ಕೀಬೋರ್ಡ್ ಒತ್ತಿದರೆ, ಕೆಲಸ ಅರ್ಧಕ್ಕೆ ಬಿಟ್ಟು ಅದರ ಕಡೆ ತಿರುಗಬೇಕಾ, ಅಥವಾ ಮುಗಿಸಿಯೇ ತಿರುಗಬೇಕಾ? ಕೂತು ಕೆಲಸ ಮಾಡುವವರಿಗೆ ಕೂಡಲೇ ತಿರುಗಿದರೆ ಒಳ್ಳೆಯದು. ಸರ್ವರ್‌ನಲ್ಲಿ ಒಂದೇ ಸಮ ಮುಗಿಸುತ್ತ ಹೋದರೆ ಒಟ್ಟು ಕೆಲಸ ಜಾಸ್ತಿ ಆಗುತ್ತದೆ. ಮೊದಲು ಇದು ಕರ್ನಲ್ ಕಂಪೈಲ್ ಮಾಡುವಾಗಲೇ ತೀರ್ಮಾನವಾಗುತ್ತಿತ್ತು. 5.12ರಿಂದ ಬೂಟ್ ಆಗುವಾಗಲೇ ಆರಿಸಬಹುದು. ಉಬುಂಟು 24.04ರಲ್ಲಿ ಆ ಸೌಲಭ್ಯ ಆನ್ ಇದೆ. ಡಿಬಗ್ ಫೋಲ್ಡರಿನ sched ಒಳಗೆ ಪ್ರಿಎಂಪ್ಟ್ ಅನ್ನುವ ಫೈಲ್ ತೆರೆದರೆ ನನ್, ವಾಲಂಟರಿ, ಫುಲ್ ಅಂತ ಮೂರು ಹೆಸರು ಕಾಣುತ್ತವೆ. ಈಗ ನಡೆಯುತ್ತಿರುವುದರ ಸುತ್ತ ಕಂಸ ಇರುತ್ತದೆ. ಕಂಸ ವಾಲಂಟರಿ ಮೇಲಿತ್ತು. ಗ್ರಬ್‌ನ ಸಾಲಿನಲ್ಲಿ ಡೆಸ್ಕ್‌ಟಾಪ್‌ಗಳಿಗೆ ಫುಲ್, ಸರ್ವರ್‌ಗೆ ನನ್ ಅಂತ ಬರೆದು, ಅಪ್‌ಡೇಟ್-ಗ್ರಬ್ ಓಡಿಸಿ ರೀಬೂಟ್ ಮಾಡಿದೆ. ಟೈಮರ್ ವೇಗ ಮಾತ್ರ ಹೀಗೆ ಬದಲಾಗದು, ಅದು ಇವತ್ತಿಗೂ ಕಂಪೈಲ್ ಹೊತ್ತಿನದೇ.

ಉಳಿದವು ಚಿಕ್ಕವು. ಹಳೆಯ ಹಾರ್ಡ್‌ಡಿಸ್ಕ್ ಇರುವ ಡೆಸ್ಕ್‌ಟಾಪ್‌ಗಳಿಗೆ ಬಿಎಫ್‌ಕ್ಯೂ ಎನ್ನುವ ಡಿಸ್ಕ್ ಸರದಿ ಪದ್ಧತಿ ಕೊಟ್ಟೆ. ದೊಡ್ಡ ಫೈಲ್ ಕಾಪಿ ಆಗುತ್ತಿದ್ದರೂ ಪರದೆ ಜಗ್ಗುವುದಿಲ್ಲ. ಸರ್ವರ್‌ನ ಎಸ್‌ಎಸ್‌ಡಿಗೆ ಎಂಕ್ಯೂ-ಡೆಡ್‌ಲೈನ್ ಇರಲಿ ಅಂತ ಬಿಟ್ಟೆ. ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ತಳ್ಳುವ ಒಲವು ಹೇಳುವ ಸ್ವಾಪಿನೆಸ್ ಮಾಮೂಲಿಗೆ 60 ಇರುತ್ತದೆ, ಸರ್ವರ್‌ನಲ್ಲಿ 10ಕ್ಕೆ ಇಳಿಸಿದೆ.

ಟ್ಯಾಲಿಗೆ ಒಂದು ವಿಂಡೋಸ್ ಮಶೀನೂ ಇದೆ. ಅಲ್ಲೂ ಕಥೆ ಹೀಗೇ, ಡೆಸ್ಕ್‌ಟಾಪ್‌ಗೂ ಸರ್ವರ್‌ಗೂ ಬಿಲ್ಡ್ ಸಂಖ್ಯೆ ಒಂದೇ. ವಿಸ್ಟಾ ಸರ್ವಿಸ್ ಪ್ಯಾಕ್ 1 ಮತ್ತು ಸರ್ವರ್ 2008 ಎರಡೂ 6001ನೇ ಬಿಲ್ಡ್. ವಿಂಡೋಸ್ 11ರ 24ಎಚ್2 ಮತ್ತು ಸರ್ವರ್ 2025 ಎರಡೂ 26100. ಒಂದು ಪ್ರೋಗ್ರಾಮಿಗೆ ಒಮ್ಮೆಗೆ ಕೊಡುವ ಹೊತ್ತು ಡೆಸ್ಕ್‌ಟಾಪ್‌ನಲ್ಲಿ ಮಾಮೂಲಿಗೆ 2 ಟಿಕ್ (ಟೈಮರಿನ ಬಡಿತ), ಸರ್ವರ್‌ನಲ್ಲಿ 12 ಟಿಕ್. ಪರ್ಫಾರ್ಮೆನ್ಸ್ ಆಪ್ಷನ್ಸ್‌ನಲ್ಲಿ ಪ್ರೋಗ್ರಾಮ್ಸ್, ಬ್ಯಾಕ್‌ಗ್ರೌಂಡ್ ಸರ್ವಿಸಸ್ ಅಂತ ಎರಡು ಗುಂಡಿ ಕಾಣುತ್ತವಲ್ವಾ, ಅವು ಬದಲಾಯಿಸುವುದು ಇದನ್ನೇ.

ನಿಜವಾದ ಲಾಭ ಅಪ್‌ಡೇಟ್‌ನಲ್ಲಿ ಸಿಕ್ಕಿತು. ಸರ್ವರ್‌ನಲ್ಲಿ ಕರ್ನಲ್ ಪ್ಯಾಕೇಜ್‌ಗಳನ್ನು ಹೋಲ್ಡ್ ಮಾಡಿ ಇಟ್ಟಿದ್ದೇನೆ, ತಾನಾಗಿ ಬರುವುದಿಲ್ಲ. ಹೊಸ ಕರ್ನಲ್ ಮೊದಲು ಡೆಸ್ಕ್‌ಟಾಪ್‌ಗಳಿಗೆ ಹೋಗುತ್ತದೆ. ಮುನೀಮರು ದಿನವಿಡೀ ಅದರ ಮೇಲೆ ಕೆಲಸ ಮಾಡುತ್ತಾರೆ. ಶೇರ್ ಫೋಲ್ಡರ್, ಪ್ರಿಂಟ್, ನೆಟ್‌ವರ್ಕ್, ಎಲ್ಲ ಅದರ ಮೂಲಕವೇ. ಏನೂ ತಕರಾರು ಬರಲಿಲ್ಲವೆಂದರೆ ಸರ್ವರ್‌ನ ಹೋಲ್ಡ್ ತೆಗೆದು ಅದೇ ಪ್ಯಾಕೇಜ್ ಹಾಕುತ್ತೇನೆ. ಪ್ರಿಎಂಪ್ಷನ್ ಬೇರೆ ಇರುವುದರಿಂದ ಪೂರ್ತಿ ಪರೀಕ್ಷೆ ಆಯಿತು ಅನ್ನಲಾರೆ, ಆದರೆ ಸರ್ವರ್‌ಗೆ ಹೋಗುವ ಹೊತ್ತಿಗೆ ಅದು ಅಪರಿಚಿತ ಕರ್ನಲ್ ಆಗಿರುವುದಿಲ್ಲ. ತೊಗರಿ ಬರುವ ಸೀಸನ್‌ನಲ್ಲಿ, ಗಂಜ್ ತುಂಬ ಚೀಲ ಬಿದ್ದಿರುವಾಗ, ತುರ್ತಿನ ಸೆಕ್ಯುರಿಟಿ ಅಪ್‌ಡೇಟ್ ಬಿಟ್ಟು ಸರ್ವರ್ ಮುಟ್ಟುವುದಿಲ್ಲ. ಹಳೆಯ ಕರ್ನಲ್ ಒಂದನ್ನು ಗ್ರಬ್‌ನಲ್ಲಿ ಯಾವಾಗಲೂ ಉಳಿಸಿಕೊಳ್ಳುತ್ತೇನೆ.

ಮೊನ್ನೆ ಒಂದು ಹೊಸ ಡೆಸ್ಕ್‌ಟಾಪ್ ಬಂತು. ಅದರ ವೈಫೈ ಕಾರ್ಡಿಗೆ 6.8ರಲ್ಲಿ ಡ್ರೈವರ್ ಇಲ್ಲ. ಅದೊಂದಕ್ಕೇ ಹೊಸ ಕರ್ನಲ್ ಹಾಕಿಬಿಡಿ ಅಂದರು ಮುನೀಮರು. ನಾನು ಒಪ್ಪಲಿಲ್ಲ, ಲ್ಯಾನ್ ಕೇಬಲ್ ಎಳೆದುಕೊಟ್ಟೆ. ಮುಂದೆ ಇಂಥ ಮಶೀನ್‌ಗಳು ಜಾಸ್ತಿಯಾದರೆ ಸೀಸನ್ ಮುಗಿದ ಮೇಲೆ ಎಲ್ಲವನ್ನೂ, ಸರ್ವರ್ ಸಮೇತ, ಎಚ್‌ಡಬ್ಲ್ಯೂಇ ಸಾಲಿಗೆ ಏರಿಸುತ್ತೇನೆ. ಸರ್ವರ್‌ಗೂ ಆ ಪ್ಯಾಕೇಜ್ ಸಿಗುತ್ತದೆ.