ವರದಿಯಲ್ಲಿ ಹಳೆಯ ಅಂಕಿಯೇ ಬರುತ್ತಿದೆಯೇ? ಹೀಗೆ ಹುಡುಕಿ

ರಾಯಚೂರಿನ ಗಂಜ್‌ನ ಒಂದು ದಲಾಲಿ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಿಗ್ಗೆ 11.20ಕ್ಕೆ ರೈತರೊಬ್ಬರ 18 ಕ್ವಿಂಟಲ್ ಹತ್ತಿ ತೂಗಿ ಚೀಟಿ ಕೊಟ್ಟಾಗಿದೆ. 11.30ಕ್ಕೆ ಜಾವಾ ಪ್ರೋಗ್ರಾಂ ತೆಗೆದ ಆವಕದ (ಬಂದ ಮಾಲಿನ) ವರದಿಯಲ್ಲಿ ಆ 18 ಕ್ವಿಂಟಲ್ ಇಲ್ಲ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸಿಲ್ಲ, ಅಪಾಯವಿರುವುದೇ ಅಲ್ಲಿ. ವರದಿ ಬಾರದೇ ಹೋದರೆ ಯಾರಾದರೂ ವಿಚಾರಿಸುತ್ತಾರೆ. ಹಳೆಯ ಅಂಕಿಯ ವರದಿ ಬಂದರೆ ಅದನ್ನೇ ನಂಬಿ ಲೆಕ್ಕ ಮುಗಿಸುತ್ತಾರೆ.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಕಡೆಗೆ. ದಯವಿಟ್ಟು ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ಮೆಮೊರಿಯಲ್ಲಿದ್ದ ಕ್ಯಾಶ್ (ಮತ್ತೆ ಬಳಸಲೆಂದು ಉಳಿಸಿಟ್ಟ ಡೇಟಾದ ಪ್ರತಿ), ತೆರೆದಿದ್ದ ಸಂಪರ್ಕ ಎಲ್ಲವೂ ಅಳಿಸಿಹೋಗುತ್ತವೆ. ವರದಿ ಸರಿಯಾಗಬಹುದು, ಕಾರಣ ಮಾತ್ರ ಕೈಗೆ ಸಿಗುವುದಿಲ್ಲ.

ಮೊದಲ ಹೆಜ್ಜೆ ಡೇಟಾಬೇಸಿನಿಂದ. ಪ್ರೋಗ್ರಾಂ ಬಿಟ್ಟು, ಬೇರೊಂದು ಹೊಸ ಸಂಪರ್ಕದಲ್ಲಿ ಆ ಚೀಟಿಯ ಸಂಖ್ಯೆಯನ್ನು ಹುಡುಕಿ. ಸಾಲು ಸಿಗದಿದ್ದರೆ ತಪ್ಪು ವರದಿಯದ್ದಲ್ಲ. ನಮೂದಿಸುವ ಪ್ರೋಗ್ರಾಂ ಇನ್ನೂ ಕಮಿಟ್ ಮಾಡಿಲ್ಲ, ಅಂದರೆ ಚೀಟಿಯನ್ನು ಡೇಟಾಬೇಸಿನಲ್ಲಿ ಖಾಯಂ ಮಾಡಿಲ್ಲ. ಸಾಲು ಸಿಕ್ಕರೆ, ವರದಿಯ ಪ್ರೋಗ್ರಾಂ ಇದೇ ಡೇಟಾಬೇಸನ್ನು ಓದುತ್ತಿದೆಯೇ ಎಂದು ಸಂಪರ್ಕದ ವಿಳಾಸವನ್ನು ಲಾಗ್‌ನಲ್ಲಿ ಮುದ್ರಿಸಿ ನೋಡಿ. ಪರೀಕ್ಷೆಗೆಂದು ಇಟ್ಟ ಡೇಟಾಬೇಸಿನ ವಿಳಾಸ ಅಲ್ಲೇ ಉಳಿದಿರುವುದುಂಟು.

ಎರಡನೆಯದು, ವರದಿಯ ಕ್ವೆರಿಯನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು) ಅದೇ ದಿನಾಂಕ ಕೊಟ್ಟು ಕೈಯಾರೆ ಓಡಿಸುವುದು. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇದ್ದರೆ ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಹಾಗಾಗಿ ನಸುಕಿನ 5.30ರವರೆಗೂ ‘ಇಂದು’ ಎಂದರೆ ಅದಕ್ಕೆ ನಿನ್ನೆ. ರಾತ್ರಿ 3ಕ್ಕೆ ಬಂದಿಳಿದ ಲಾರಿಯ ಮಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗುವುದು ಹೀಗೆ. ಕೋಡ್‌ನಲ್ಲಿ ಏಷ್ಯಾ/ಕೋಲ್ಕತಾ ಸಮಯವಲಯವನ್ನು ಸ್ಪಷ್ಟವಾಗಿ ಹೆಸರಿಸಿ. ದಿನಾಂಕವನ್ನು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಪ್ರೋಗ್ರಾಂ ಶುರುವಾದ ದಿನವೇ ಅದಕ್ಕೆ ಶಾಶ್ವತ ‘ಇಂದು’.

ಕೈಯಾರೆ ಓಡಿಸಿದ ಕ್ವೆರಿ ಸರಿಯಾದ ಅಂಕಿ ಕೊಟ್ಟು, ಪ್ರೋಗ್ರಾಂ ಕೊಡದಿದ್ದರೆ ಇಲ್ಲಿ ನಿಧಾನಿಸಿ. ಒಂದು ಪರೀಕ್ಷೆ ಮಾಡಿ: ಒಂದು ಹೊಸ ಚೀಟಿ ಸೇರಿಸಿ, ಒಂದು ಹಳೆಯ ಚೀಟಿಯ ತೂಕ ತಿದ್ದಿ, ವರದಿ ತೆಗೆಯಿರಿ.

ಎರಡೂ ಕಾಣದಿದ್ದರೆ ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಓದು-ಬರಹಗಳ ಒಂದು ಗುಂಪು) ಮೇಲೆ ಅನುಮಾನ ಪಡಿ. ಮೈಎಸ್‌ಕ್ಯೂಎಲ್‌ನ ಸಂಗ್ರಹ ಎಂಜಿನ್ ಇನೋಡಿಬಿ ಪೂರ್ವನಿಯೋಜಿತವಾಗಿ ‘ರಿಪೀಟಬಲ್ ರೀಡ್’ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಟ್ರಾನ್ಸಾಕ್ಷನ್‌ನ ಮೊದಲ ಓದಿನ ಹೊತ್ತಿಗೆ ಡೇಟಾ ಹೇಗಿತ್ತೋ, ಅದು ಮುಗಿಯುವವರೆಗೂ ಹಾಗೆಯೇ ಕಾಣುತ್ತದೆ. ಆಟೋಕಮಿಟ್ (ಪ್ರತಿ ಆದೇಶದ ನಂತರ ತಾನಾಗಿ ಕಮಿಟ್ ಆಗುವುದು) ಆಫ್ ಮಾಡಿ, ಒಂದೇ ಸಂಪರ್ಕವನ್ನು ದಿನವಿಡೀ ಹಿಡಿದುಕೊಂಡ ಪ್ರೋಗ್ರಾಂ ಬೆಳಗಿನ ಚಿತ್ರವನ್ನೇ ಸಂಜೆಯವರೆಗೂ ಕೊಡುತ್ತಿರುತ್ತದೆ. ಪೋಸ್ಟ್‌ಗ್ರೆಸ್, ಒರಾಕಲ್‌ಗಳ ಪೂರ್ವನಿಯೋಜಿತ ಮಟ್ಟ ‘ರೀಡ್ ಕಮಿಟೆಡ್’ (ಪ್ರತಿ ಕ್ವೆರಿಗೂ ಆ ಹೊತ್ತಿಗೆ ಕಮಿಟ್ ಆದ ಡೇಟಾ ಕಾಣುವುದು) ಆಗಿರುವುದರಿಂದ ಅಲ್ಲಿ ಈ ತೊಂದರೆ ಸಾಮಾನ್ಯವಲ್ಲ. ಹಾಗೆಂದು ಮಟ್ಟವನ್ನೇ ಇಳಿಸಲು ಹೊರಡಬೇಡಿ. ಒಂದು ವರದಿಯೊಳಗೆ ನಾಲ್ಕಾರು ಕ್ವೆರಿಗಳಿದ್ದರೆ ಎಲ್ಲವೂ ಒಂದೇ ಕ್ಷಣದ ಡೇಟಾ ಓದಬೇಕು, ಇಲ್ಲದಿದ್ದರೆ ಮೇಲಿನ ಮೊತ್ತಕ್ಕೂ ಕೆಳಗಿನ ಪಟ್ಟಿಗೂ ತಾಳೆಯಾಗುವುದಿಲ್ಲ. ಪ್ರತಿ ವರದಿಗೂ ಹೊಸ ಟ್ರಾನ್ಸಾಕ್ಷನ್ ತೆರೆದು, ಓದಿ, ಮುಗಿಸಿದರೆ ಸಾಕು.

ಹೊಸ ಚೀಟಿ ಕಂಡು, ತಿದ್ದಿದ ತೂಕ ಮಾತ್ರ ಹಳೆಯದೇ ಇದ್ದರೆ, ಡೇಟಾಬೇಸಿನ ಸಾಲುಗಳನ್ನು ಜಾವಾ ಆಬ್ಜೆಕ್ಟ್ ಆಗಿಸಿ ಕೊಡುವ ಲೈಬ್ರರಿಯಾದ ಹೈಬರ್ನೇಟ್‌ನತ್ತ ನೋಡಿ. ಅದರ ಸೆಷನ್ ಒಮ್ಮೆ ಓದಿದ ಆಬ್ಜೆಕ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಕ್ವೆರಿ ಮತ್ತೆ ಡೇಟಾಬೇಸಿಗೆ ಹೋಗಿ ಹೊಸ ತೂಕ ತಂದರೂ ಕೈಗೆ ಕೊಡುವುದು ಮೊದಲಿನ ಆಬ್ಜೆಕ್ಟನ್ನೇ. ಒಂದೇ ಸಾಲಾದರೆ ಸೆಷನ್ನಿನ ರಿಫ್ರೆಶ್, ಎಲ್ಲವೂ ಆದರೆ ಕ್ಲಿಯರ್ ಆದೇಶ ಬಳಸಿ. ವರದಿಗೊಂದು ಹೊಸ ಸೆಷನ್ ತೆರೆಯುವುದು ಇನ್ನೂ ಒಳ್ಳೆಯದು. ಎಲ್ಲ ಸೆಷನ್ನುಗಳೂ ಹಂಚಿಕೊಳ್ಳುವ ಎರಡನೇ ಹಂತದ ಕ್ಯಾಶ್ ಚಾಲೂ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು: ವೇಬ್ರಿಡ್ಜ್‌ನ ತಂತ್ರಾಂಶ ಬೇರೆಯಾಗಿದ್ದು ನೇರವಾಗಿ ಟೇಬಲ್‌ಗೆ ಬರೆಯುತ್ತಿದ್ದರೆ ಆ ಬದಲಾವಣೆ ಹೈಬರ್ನೇಟ್‌ಗೆ ತಿಳಿಯುವುದೇ ಇಲ್ಲ. ಅಂಥ ಟೇಬಲ್‌ಗಳನ್ನು ಈ ಕ್ಯಾಶ್‌ನಿಂದ ಹೊರಗಿಡುವುದೇ ಸರಿ.

ಡೇಟಾ ಸರಿಯಾಗಿ ಬಂದೂ ಕಡತದಲ್ಲಿ ತಪ್ಪಾದರೆ ವರದಿ ತಯಾರಿಸುವ ಲೈಬ್ರರಿಯನ್ನು ನೋಡಿ. ಜ್ಯಾಸ್ಪರ್ ರಿಪೋರ್ಟ್ಸ್‌ನಲ್ಲಿ ವಿನ್ಯಾಸದ ಕಡತ ತಿದ್ದಿ, ಮತ್ತೆ ಕಂಪೈಲ್ ಮಾಡದಿದ್ದರೆ ಹಳೆಯ ಕ್ವೆರಿಯೇ ಓಡುತ್ತದೆ. ಅಪಾಚೆ ಪಿಒಐನಿಂದ ಎಕ್ಸೆಲ್ ಬರೆಯುವಾಗ ಕೋಶದ ಅಂಕಿ ಬದಲಾದರೂ ಸೂತ್ರದ ಉತ್ತರ ತಾನಾಗಿ ಬದಲಾಗುವುದಿಲ್ಲ. ಉಳಿಸುವ ಮೊದಲು ಫಾರ್ಮುಲಾ ಇವ್ಯಾಲ್ಯುಯೇಟರ್ ಬಳಸಿ ಮತ್ತೆ ಲೆಕ್ಕ ಹಾಕಿಸಿ. ಬ್ರೌಸರ್‌ನಲ್ಲಿ ಮಾತ್ರ ಹಳೆಯದು ಕಂಡರೆ ಸರ್ವರ್ ಕಳಿಸುವ ಉತ್ತರದ ಹೆಡರ್‌ನಲ್ಲಿ ‘ನೋ-ಸ್ಟೋರ್’ (ಪ್ರತಿ ಉಳಿಸಬೇಡ) ಎಂದು ಸೇರಿಸಿ.

ಇಷ್ಟಾದ ಮೇಲೆ ವರದಿಯ ತಲೆಬರಹದಲ್ಲಿ ಎರಡು ಸಮಯ ಮುದ್ರಿಸಿ: ವರದಿ ತೆಗೆದ ಸಮಯ, ಅದರಲ್ಲಿ ಸೇರಿದ ಕೊನೆಯ ಚೀಟಿಯ ಸಮಯ. ಮೊದಲನೆಯದು 11.30 ಎಂದೂ ಎರಡನೆಯದು 9.05 ಎಂದೂ ಇದ್ದರೆ, ಹಣ ಎಣಿಸುವ ಮುನ್ನವೇ ಗುಮಾಸ್ತರು ಕೇಳುತ್ತಾರೆ.