ಮಳೆ ಬಂದ್ರೆ ಕಾರೊಳಗೆ ಕಾಲು ಒದ್ದೆ ಆಗ್ತಿದ್ಯಾ? ಮುಂದಿನ ಗ್ಲಾಸ್ ಪೇಸ್ಟಿಂಗ್ ನೋಡ್ಕೊಳ್ರಿ

ಹೋದ ವರ್ಷ ಚಿತ್ರದುರ್ಗದಿಂದ ವಾಪಸ್ ಬರ್ತಾ ಭರಮಸಾಗರದ ಹತ್ರ ಮುಂದಿದ್ದ ಟಿಪ್ಪರ್‌ನಿಂದ ಒಂದು ಜಲ್ಲಿಕಲ್ಲು ಹಾರಿ ಗ್ಲಾಸಿಗೆ ಬಡೀತು, ಗೆರೆ ಬಿಡ್ತು, ದಾವಣಗೆರೇಲಿ ಒಂದು ಅಂಗಡೀಲಿ ಹೊಸದು ಹಾಕಿಸ್ದೆ, ಎರಡೇ ಗಂಟೆ ಕೆಲಸ, ದುಡ್ಡೂ ಕಮ್ಮಿ, ನಾನೂ ಖುಷ್. ಜೂನಲ್ಲಿ ಮೊದಲ ಜೋರು ಮಳೆ ಆದ ಮಾರನೇ ದಿನ ಡೋರ್ ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ. ಮ್ಯಾಟ್ ಎತ್ತಿ ಒತ್ತಿ ನೋಡ್ದೆ, ಕಾರ್ಪೆಟ್ ಅಡಿಯ ಸ್ಪಂಜಿಂದ ನೀರು ಬೆರಳ ಸಂದೀಲಿ ಉಕ್ಕಿ ಬಂತು.

ಮೊದ್ಲು ಒಂದು ಮಾತು, ಕಾಲ ಹತ್ರ ನೀರು ಅಂದ ತಕ್ಷಣ ಗ್ಲಾಸೇ ಲೀಕು ಅನ್ಬೇಡಿ. ಮಳೆನೇ ಇಲ್ದೆ ಎಡಗಡೆ ತಣ್ಣಗಿರೋ ತಿಳಿನೀರು ಬಂದ್ರೆ ಸಾಮಾನ್ಯವಾಗಿ ಎಸಿ ಡ್ರೈನ್ ಪೈಪ್ ಕಟ್ಟಿರುತ್ತೆ. ಅಂಟಂಟು, ಸಿಹಿ ವಾಸನೆ ಇದ್ರೆ ಅದು ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ. ಹೊಂಗೆ ಮರದ ಕೆಳಗೆ ನಿಲ್ಲಿಸೋರು ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿ ನೋಡ್ರಿ, ಎಲೆ ಹೂವು ಎಲ್ಲಾ ಕೊಳೆತು ನೀರು ಹೋಗೋ ದಾರಿ ಮುಚ್ಚಿ, ತುಂಬಿದ ನೀರು ಒಳಗೆ ಇಳಿಯುತ್ತೆ.

ಇವೆಲ್ಲಾ ಅಲ್ಲ ಅಂದ್ರೆ ಪೈಪ್ ಟೆಸ್ಟ್ ಮಾಡ್ರಿ. ಒಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಕೂರ್ಬೇಕು, ಡ್ಯಾಶ್‌ಬೋರ್ಡ್ ಕೆಳಗೆ ಉದ್ದಕ್ಕೂ ಹಳೇ ಪೇಪರ್ ಹಾಸ್ರಿ. ಹೊರಗಿನೋರು ಪ್ರೆಷರ್ ಇಲ್ದೆ ಸಣ್ಣಗೆ ನೀರು ಬಿಡ್ಬೇಕು, ಗ್ಲಾಸಿನ ಕೆಳಗಿನ ಅಂಚಿಂದ ಶುರು ಮಾಡಿ ನಿಧಾನಕ್ಕೆ ಮೇಲೆ, ಒಂದೊಂದು ಕಡೆ ಎರಡು ಮೂರು ನಿಮಿಷ. ಮೇಲಿಂದ ಬಿಟ್ರೆ ಎಲ್ಲಾ ಕಡೆ ಹರಿದು ಯಾವುದು ತೂತು ಅಂತ ಗೊತ್ತೇ ಆಗಲ್ಲ. ಒಳಗೆ ನೀರು ಬಿದ್ದ ಜಾಗವನ್ನೂ ನಂಬಬೇಡಿ, ನಂದು ಮೇಲಿನ ಎಡ ಮೂಲೇಲಿ ಒಳಗೆ ಬಂದು ಗ್ಲಾಸಿನ ಪಕ್ಕದ ಕಂಬದ (ಪಿಲ್ಲರ್) ಒಳಗಿನ ವೈರ್ ಹಿಡ್ಕೊಂಡು ಕೆಳಗೆ ಇಳೀತಿತ್ತು. ಆ ದಾರೀಲಿ ವೈರ್ ಕಪ್ಲರ್, ಫ್ಯೂಸ್ ಬಾಕ್ಸ್ ಸಿಕ್ರೆ ಹಾರ್ನು ಲೈಟು ಹುಚ್ಚು ಹಿಡಿದಂಗೆ ಆಡುತ್ತೆ. ಇನ್ನೊಂದು ಸುಳಿವು ಐತೆ: ಹೈವೇಲಿ ಎದುರುಗಾಳೀಲಿ ಎಂಬತ್ತರ ಸ್ಪೀಡಿಗೆ ಗ್ಲಾಸಿನ ಅಂಚಲ್ಲಿ ಸುಯ್ ಅಂತ ಸೀಟಿ ಬಂದ್ರೆ ಅಲ್ಲಿ ಸಂದು ಇರಬಹುದು. ಚಿತ್ರದುರ್ಗದ ಗಾಳಿ ಕರೆಂಟಿನ ಫ್ಯಾನ್‌ಗಳ ಹತ್ರ ಹೋಗುವಾಗ ನನಗೂ ಕೇಳಿಸ್ತಿತ್ತು, ಬೀಡಿಂಗ್ (ಅಂಚಿನ ಪಟ್ಟಿ) ಲೂಸ್ ಅಂತ ಸುಮ್ನಿದ್ದೆ.

ಈಗ ಭಯ ಪಡೋ ವಿಷ್ಯ. ಓಮ್ನಿ, ಅಂಬಾಸಿಡರ್ ತರ ಹಳೇ ಗಾಡೀಲಿ ಗ್ಲಾಸನ್ನ ರಬ್ಬರ್ ಹಿಡ್ಕೊಂಡಿರುತ್ತೆ, ಬಿಸಿಲಿಗೆ ರಬ್ಬರ್ ಸೆಟೆದ್ರೆ ಅದನ್ನೇ ಬದಲಾಯಿಸ್ಬೇಕು. ಈಗಿನ ಕಾರಲ್ಲಿ ಗ್ಲಾಸು ಪಿಯು (ಪಾಲಿಯುರೆಥೇನ್) ಅಂಟಲ್ಲಿ ಬಾಡಿಗೇ ಕಚ್ಕೊಂಡಿರುತ್ತೆ, ಪಲ್ಟಿ ಆದ್ರೆ ರೂಫ್ ಕುಸೀದಂಗೆ ತಡೆಯೋದ್ರಲ್ಲಿ ಅದರದ್ದೂ ಪಾಲಿದೆ. 2021ರ ಏಪ್ರಿಲ್ 1ರಿಂದ ಹೊಸ ಮಾಡೆಲ್‌ಗಳಿಗೆ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ ಆಯ್ತಲ್ಲ, ಎಷ್ಟೋ ಕಾರಲ್ಲಿ ಆ ಬ್ಯಾಗು ಡ್ಯಾಶ್‌ಬೋರ್ಡ್ ಮೇಲಿಂದ ಬಿಚ್ಚಿ ಗ್ಲಾಸಿಗೆ ಒತ್ಕೊಂಡೇ ಕೂತಿರೋರ ಕಡೆ ತಿರುಗೋದು, ಅಂಟು ಬಿಟ್ಟಿದ್ರೆ ಗ್ಲಾಸೇ ಹೊರಗೆ ತಳ್ಕೊಂಡು ಹೋಗಿ ಬ್ಯಾಗು ಕೆಲಸಕ್ಕೆ ಬರದೇ ಹೋಗಬಹುದು. ನೀರು ಒಳಗೆ ಬರ್ತೈತೆ ಅಂದ್ರೆ ಅಷ್ಟು ಜಾಗದಲ್ಲಿ ಹಿಡಿತ ಇಲ್ಲ ಅಂತಲೇ ಅರ್ಥ.

ಅದಕ್ಕೇ ಮೇಲಿಂದ ಸಿಲಿಕಾನ್ ಬಳಿಯೋದು ಬೇಡ. ಅಂಗಡಿಯೋರು ನಂಗೂ ಮೊದಲ ಸಲ ಅದನ್ನೇ ಮಾಡಿ ಕಳಿಸಿದ್ರು, ಒಂದು ಮಳೆ ತಡೀತು ಅಷ್ಟೇ. ವಿನೆಗರ್ ವಾಸನೆ ಬರೋ ಸಿಲಿಕಾನ್ ಆದ್ರೆ ತಗಡಿಗೆ ತುಕ್ಕು ಹಿಡಿಸುತ್ತೆ, ಅದು ಮೆತ್ತಿದ ಜಾಗಕ್ಕೆ ಆಮೇಲೆ ಪಿಯು ಕಚ್ಚಲ್ಲ. ಬೇರೆ ಕಡೆ ಗ್ಲಾಸ್ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತಿದ್ದೆ, ಸಿಲಿಕಾನ್ ಸೈಕಲ್ ಟ್ಯೂಬ್ ಸುಲಿದಂಗೆ ಒಂದೇ ಎಳೆಯಾಗಿ ಎದ್ದು ಬಂತು, ಅದರಡಿ ಒಂದು ಗೇಣು ಉದ್ದ ಕೆಂಪು ತುಕ್ಕು.

ಬಿಚ್ಚಿಸಿ ಹಾಕಿಸುವಾಗ ನೀವೂ ಪಕ್ಕದಲ್ಲೇ ನಿಂತು ನೋಡ್ರಿ. ಹಳೇ ಪಿಯು ಪೂರ್ತಿ ಕೆರೆಯಲ್ಲ, ಗಟ್ಟಿ ಇದ್ರೆ ಒಂದೆರಡು ಮಿಲಿಮೀಟರ್ ತೆಳು ಪದರ ಬಿಡ್ತಾರೆ, ಹೊಸದು ಅದರ ಮೇಲೆ ಚೆನ್ನಾಗಿ ಕೂರುತ್ತೆ. ತುಕ್ಕಿದ್ರೆ ಉಜ್ಜಿ ಪ್ರೈಮರ್ ಹಚ್ಚಿ, ಅದು ಒಣಗಲೇಬೇಕು. ಗ್ಲಾಸಿನ ಕಪ್ಪು ಅಂಚು ಕ್ಲೀನ್ ಮಾಡಿದ್ಮೇಲೆ ಕೈ ಮುಟ್ಟಬಾರದು, ಎಣ್ಣೆ ಜಿಡ್ಡು ಸಾಕು ಅಂಟು ಕೆಡಕ್ಕೆ. ಪಿಯು ಟ್ಯೂಬಿನ ಎಕ್ಸ್‌ಪೈರಿ ಡೇಟ್ ಓದ್ರಿ, ನಾಚ್ಕೋಬೇಡಿ. ಪೇಸ್ಟು ಎಲ್ಲೂ ಕಟ್ ಆಗ್ದೆ ಸುತ್ತ ಒಂದೇ ಗೆರೆ ಬರ್ಬೇಕು.

ಎಷ್ಟು ಹೊತ್ತಾದ್ಮೇಲೆ ಗಾಡಿ ಓಡಿಸ್ಬಹುದು ಅನ್ನೋದು ಆ ಟ್ಯೂಬಿನ ಮೇಲೆ ನಿಂತಿರುತ್ತೆ, ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಒಂದು ದಿನ. ಪಿಯು ಗಟ್ಟಿ ಆಗೋದು ಗಾಳಿಯ ತೇವದಿಂದ, ನಮ್ಮ ಏಪ್ರಿಲ್ ಒಣ ಹವೇಲಿ ಇನ್ನೂ ಲೇಟು. ಅಲ್ಲೀವರೆಗೂ ಒಂದು ವಿಂಡೋ ಒಂದು ಇಂಚು ಇಳಿಸಿಡಿ, ಡೋರ್ ದಬ್ ಅಂತ ಹಾಕಿದ್ರೆ ಒಳಗಿನ ಗಾಳಿ ಹಸಿ ಅಂಟನ್ನ ತಳ್ಳುತ್ತೆ. ವಾಟರ್ ವಾಶ್ ಎರಡು ದಿನ ಬೇಡ. ಇನ್ಶೂರೆನ್ಸ್ ಕೇಳೋರಿಗೆ, ಕಲ್ಲು ಬಿದ್ದು ಒಡೆದ್ರೆ ಓನ್ ಡ್ಯಾಮೇಜಲ್ಲಿ (ನಮ್ಮ ಗಾಡಿಗೇ ಆದ ಡ್ಯಾಮೇಜಿನ ಇನ್ಶೂರೆನ್ಸ್) ಕ್ಲೇಮ್ ಆಗುತ್ತೆ, ಬರೀ ಹಳೇದಾಗಿ ಲೀಕ್ ಆದ್ರೆ ಆಗಲ್ಲ.

ಕಾರ್ಪೆಟ್ ಮಾತ್ರ ಅವಸರಕ್ಕೆ ವಾಪಸ್ ಹಾಕ್ಬೇಡಿ. ಮೇಲೆ ಒಣಗಿದಂಗೆ ಕಂಡ್ರೂ ಸ್ಪಂಜಲ್ಲಿ ನೀರಿರುತ್ತೆ. ನಂದು ಮೂರು ದಿನ ತಾರಸಿ ಮೇಲೆ ಬಿದ್ದಿತ್ತು, ಅಷ್ಟರಲ್ಲಿ ಬರೀ ತಗಡಿನ ಮೇಲೆ ಪೇಪರ್ ಹಾಸಿ ಇನ್ನೊಂದ್ಸಲ ನೀರು ಬಿಟ್ಟು ನೋಡ್ದೆ, ಪೇಪರ್ ಗರಿಗರಿ ಇತ್ತು, ಆಮೇಲೇ ಕಾರ್ಪೆಟ್ ಹಾಕಿದ್ದು.